ಬಾಟಲಿಯೊಳಗಿನ ಬಸವನಹುಳ

ಗ್ಲಾಸ್ಗೋದಿಂದ ತಸ್ಲೀಮಾ ಫೋನ್ ಹಚ್ಚಿದ್ಲು.
ತಾಳಿಕೋಟಿಯೊಳಗ ಬೆಳಗಿನ ಐದು,
ಅಲ್ಲಿನ್ನೂ ನಿನ್ನಿ.
ನಾ ಬಾಟಲಿ ತೊಳಿಯಾಕ ಕುಂತಿದ್ದೆ.

“ಅಬ್ಬಾ, ಇಲ್ಲೀ ಕಾಯ್ದೆದಾಗ
ಒಂದು ಬಸವನಹುಳ ಐತಿ.
ಯಾರೋ ಒಬ್ಬಾಕಿ ಸೋಡಾ ಕುಡದ್ಲಂತ,
ತಳದಾಗ ಸತ್ತ ಹುಳ.
ಮಾರಿದಾವನ್ನ ಬಿಟ್ಟು
ತುಂಬಿದಾವನ್ನ ಕೋರ್ಟಿಗೆ ಎಳದ್ಲು.
ಕಣ್ಣಿಗೆ ಕಾಣದಾವನೂ ನಿನ್ನ ನೆರಿಯಾವಽ
ಅಂತ ಬರದಾರ ಜಡ್ಜು.”
ನಕ್ಕಳು. ನಾನೂ ನಕ್ಕೆ.
ಎರಡನೇ ಕಂತಿನ ಫೀಸಿನ ಮಾತು
ಆಕಿನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮ್ಯಾಲ ಒಂದೊಂದಽ ಬಾಟಲಿ
ಬಲ್ಬಿಗೆ ಹಿಡದು ನೋಡಿದೆ.
ಮೂವತ್ತೆರಡು ವರ್ಷ ತುಂಬೀನಿ,
ಡಜನ್ ಎಣಿಸೀನಿ, ಅಂಗಡಿಗೆ ಕಳಿಸೀನಿ.
ಗೋಲಿ ಒತ್ತಿ ಕುಡದಾವರ ಮಾರಿ ನೋಡಿಲ್ಲ:
ಹುಣಸಗಿ ಬಸ್ಸಿಗೆ ನಿಂತ ಬಸುರಿ,
ಸಂತ್ಯಾಗ ತೊಗರಿ ಚೀಲ ಹೊತ್ತಾವ,
ಉಂಡದ್ದು ಕರಗದ ಹವಾಲ್ದಾರ...
ಇಷ್ಟು ಮಂದಿ ನೆರಿಯಾಗಿದ್ರು,
ನಾ ಒಬ್ಬಾವಽ ಅನ್ಕೊಂಡಿದ್ದೆ.

ಒಂದು ಬಾಟಲಿ ಬದಿಗಿಟ್ಟೆ.
ಬಿರುಕೋ, ಕೂದಲೋ,
ತಿಳೀಲಿಲ್ಲ.

ಹಾಲಿನ ಗಾಡಿ ಹುಡುಗ ಬಂದು
“ಹೊಟ್ಟಿ ಹಿಡದೈತಿ ಕಾಕಾ, ಒಂದು ಸೋಡಾ” ಅಂದ.
ಅದರ ಮಗ್ಗಲದ್ದು ಒಡದು ಕೊಟ್ಟೆ.
ಅವ ಕುಡದು ತೇಗೂ ತನಕಾ
ಅವನ ಮಾರಿ ನೋಡ್ಕೋತ ನಿಂತೆ.