ಹದಿನಾರರ ಬದಲಿಗೆ

ಜುಲೈನಲ್ಲಿ ಟವೆಲ್ಲೂ ಒಣಗದ ಈ ಊರಲ್ಲಿ
ಇವು ಮಾತ್ರ ಒಳಗೊಳಗೇ ಒಣಗುತ್ತವೆ,
ಬೆರಳುದ್ದದ ಹಳೇ ಕೆಪಾಸಿಟರುಗಳು.
ಅಲ್ಲಾಡಿಸಿದರೆ ಸದ್ದಿಲ್ಲ. ತುದಿಯಲ್ಲಷ್ಟೇ
ಉಪ್ಪು ಕಟ್ಟಿದ ಹಾಗೆ ಬಿಳಿ.

ಆಗ್ನೆಲೊ ತಂದ ನಕ್ಷೆಯಲ್ಲಿ ಬರೆದಿದೆ:
ಹದಿನಾರು ಮೈಕ್ರೊಫ್ಯಾರಡ್, ನಾನ್ನೂರ ಎಪ್ಪತ್ತೈದು ವೋಲ್ಟ್, ಮೂರು.
ಅವನ ಸಾಂತಾನ್ ಮಾವ ಮಝಗಾಂವಿನ ಮದುವೆಗಳಲ್ಲಿ ನುಡಿಸುತ್ತಿದ್ದ
ಆಂಪ್ಲಿಫೈಯರಿನಂಥದ್ದೇ ಹೊಸದೊಂದು ಬೇಕು.
‘ಹಾಗೇ ಅಂದ್ರೆ ಹಾಗೇ, ಆಂಟಿ.’

ಲ್ಯಾಮಿಂಗ್ಟನ್ ರೋಡಿನಲ್ಲಿ ನಾಲ್ಕು ಮಹಡಿ ಹತ್ತಿದೆ.
ಹೀರಾನಂದ ಗಾಜಿನ ಮೇಲೆ ಸುರಿದ:
ಹತ್ತು, ಇಪ್ಪತ್ತೆರಡು, ನಲವತ್ತೇಳು.
‘ನಲವತ್ತೇಳೇ ಒಯ್ಯಿರಿ ಬೆಹೆನ್‌ಜಿ, ರೇಟು ಅದೇ,
ಗುಂಯ್ ಅನ್ನೋದು ಪೂರ್ತಿ ಸತ್ತೇಹೋಗತ್ತೆ.’

ರೇಟು ಅದೇ ಆದರೆ ದೊಡ್ಡದೇ ಲಾಭ,
ಬದನೆಕಾಯಿ ಕೊಳ್ಳುವಾಗ.
ಇದು ಖಾಲಿ ಕೊಡ. ಸ್ವಿಚ್ ಒತ್ತಿದ ಗಳಿಗೆ
ದೊಡ್ಡದಾದಷ್ಟೂ ಒಂದೇ ಗುಟುಕಿಗೆ ಎಳೆಯುತ್ತದೆ,
ರೆಕ್ಟಿಫೈಯರಿನ ಗಂಟಲಲ್ಲಿ ನೀಲಿ ಕಿಡಿ.
ಮತ್ತೆ, ಉಳಿದ ವಾಲ್ವುಗಳು ಕಾದು ಏಳುವ ತನಕ
ಹತ್ತು ಸೆಕೆಂಡು ಕುಡಿಯುವವರೇ ಇಲ್ಲ;
ಮುನ್ನೂರ ತೊಂಬತ್ತರಲ್ಲಿ ನಿಲ್ಲಬೇಕಾದ್ದು
ನಾನ್ನೂರ ಅರವತ್ತಕ್ಕೆ ಏರಿ ಕೂತಿರುತ್ತದೆ.
ಅವನ ನಲವತ್ತೇಳರ ಮೈಮೇಲೆ ನಾನ್ನೂರ ಐವತ್ತು ಅಂತ ಬರೆದಿತ್ತು.
ಅವನ ಕಡೆಗೇ ತಳ್ಳಿದೆ.

ಆಮೇಲೆ ಡ್ರಾಯರಿನ ತಳದಿಂದ
ಧೂಳು ಒರೆಸಿ ತೆಗೆದ ಅಸಲಿ ಹದಿನಾರು, ಒಂದೇ ಒಂದು.
ತಾರೀಖು ನೋಡಿದೆ: ಹೆಚ್ಚುಕಡಿಮೆ ನನ್ನ ವಾರಗೆ.
ಬೇಡ ಅಂದೆ. ಈ ವಯಸ್ಸಿನ ಸೋರಿಕೆ ನನಗೆ ಗೊತ್ತು.

ಇಪ್ಪತ್ತೆರಡು, ಐನೂರು ವೋಲ್ಟು, ಮೂರು.
ಚಿಲ್ಲರೆ ಇಲ್ಲವೆಂದು ಹತ್ತರದ್ದೊಂದು ಕೈಗೆ ತುರುಕಿದ.

ಡೊಂಬಿವಲಿಯಲ್ಲಿ ರಾತ್ರಿ, ಎಡಗೈ ಸೊಂಟಕ್ಕೆ.
ರೇಡಿಯೊ ಫ್ಯಾಕ್ಟರಿಯಲ್ಲಿ ಮೊದಲ ದಿನ ಕಲಿಸಿದ್ದು ಅದೊಂದೇ:
ಆರಿಸಿದ ಮಾತ್ರಕ್ಕೆ ಖಾಲಿ ಎಂದುಕೊಳ್ಳಬೇಡ.

ಭಾನುವಾರ ಆಗ್ನೆಲೊ ಬಂದು ತಂತಿ ಮೀಟಿದ.
ಸ್ವರ ಒಂದಿಷ್ಟು ಕುಸಿಯಿತು, ಆಮೇಲೆ
ಮೊಣಕಾಲು ಹಿಡಿದುಕೊಂಡು ಏಳುವವರ ಹಾಗೆ ಎದ್ದಿತು.
‘ಮಾವನದ್ದು ಇನ್ನೂ ತಡವಾಗಿ ಏಳ್ತಿತ್ತು.’
ಆರು ಹೆಚ್ಚಾಗಿದೆ, ಅಂದೆ. ಅವನಿಗೆ ಅರ್ಥವಾಗಲಿಲ್ಲ.

ಕೈ ಎತ್ತಿದಾಗ ಕೋಣೆಯಲ್ಲಿ ಉಳಿದದ್ದು ಸಣ್ಣ ಗುಂಯ್,
ಅವರ ‘ಜಿ’ಗಿಂತ ಕೂದಲೆಳೆ ಮೇಲೆ.
ಆಗ್ನೆಲೊ ನಕ್ಕ. ಮಾವ ಇದಕ್ಕೇ ಶ್ರುತಿ ಮಾಡುತ್ತಿದ್ದನಂತೆ,
ಕಹಳೆಯವನು ಪ್ರತಿ ಮದುವೆಯಲ್ಲೂ ಬಯ್ಯುತ್ತಿದ್ದನಂತೆ.
ಮಾತಾಡುತ್ತಲೇ ಬಿರಟೆ ತಿರುಗಿಸಿ
ಆರನೇ ತಂತಿಯನ್ನು ಅದರ ಪಕ್ಕಕ್ಕೆ ತಂದ.

ಚೀಲದಲ್ಲಿ ಆ ಹತ್ತರದ್ದು ಇತ್ತು.
ಪಕ್ಕಕ್ಕೆ ಸೇರಿಸಿದರೆ ಈ ಸದ್ದೂ ಅಡಗುತ್ತಿತ್ತು.
ಹೇಳಲಿಲ್ಲ.