ಎಡಗಡೆಯ ಕಿಟಕಿ

"ಎಡಗಡೆ ಕೂತ್ಕೋ ಪಾಲಮ್ಮ,
ಸಮುದ್ರ ಇರೋದು ಎಡಗಡೆ" ಅಂದಿದ್ದರು
ಚಿಕ್ಕಜಾಜೂರಿನ ಸ್ಟೇಷನ್ ಮಾಸ್ತರು,
ಪಾಸಿಗೆ ಸೀಲು ಬಿದ್ದಿದೆಯೋ ನೋಡಿ ಕೊಡುತ್ತ.
"ಮಂಗಳೂರು ಬಿಟ್ಟರೆ ಮಡಗಾಂವ್ ತನಕ
ನೀರೇ ನೀರು."

ಆ ಕಿಟಕಿಯನ್ನು ನಾದಿನಿ ಸಣ್ಣಬೋರಮ್ಮನಿಗೆ ಬಿಟ್ಟೆ.
ಸತ್ತವನ ಕೆಲಸ ನನಗೆ ಬಂತು,
ಅವಳಿಗೆ ಅಣ್ಣ ಹೋದದ್ದಷ್ಟೇ.
ಕಿಟಕಿಯಾದರೂ ಅವಳದಾಗಲಿ.

ಮಾಸ್ತರು ಹೇಳಿದ್ದು ಸುಳ್ಳಲ್ಲ, ಪೂರಾ ನಿಜವೂ ಅಲ್ಲ.
ಗುಡ್ಡ ಕಡಿದ ಕೆಮ್ಮಣ್ಣು, ಸುರಂಗ,
ಗಪ್ಪೆಂದು ಮುಚ್ಚಿದ ಕಿವಿ ತೆರೆಯುವಾಗ
ತೆಂಗಿನ ಸಂದಿಯಲ್ಲಿ ಒಂದು ಹಿಡಿ ಬೆಳ್ಳಿ,
"ಅಗೋ" ಅನ್ನುವಷ್ಟರಲ್ಲಿ ಇನ್ನೊಂದು ಸುರಂಗ.
ಹೊನ್ನಾವರದ ಸೇತುವೆ ಮೇಲೆ ಮಾತ್ರ
ಹೊಳೆಯೂ ಕಡಲೂ ಜಗಳ ಬಿಟ್ಟು
ಒಂದೇ ಚಾಪೆಯಲ್ಲಿ ಮಲಗಿದ್ದವು.
ಬೋಗಿಯ ಜನವೆಲ್ಲ ಎಡಕ್ಕೆ ವಾಲಿ
ಫೋನು ಎತ್ತಿ ಹಿಡಿದರು.
ರೈಲು ಮಗುಚೀತು ಅನ್ನಿಸಿ ನಾನು
ಬಲಗಡೆ ಬಾಗಿಲಿಗೆ ಹೋಗಿ ನಿಂತೆ.

ತೂಕಕ್ಕೆ ಒಬ್ಬಳಾದರೂ ಬೇಕಲ್ಲ.

ಬಲಗಡೆ ಏನಿತ್ತು?
ಗೇಟುಗಳಿದ್ದವು.

ಒಂದರ ಅಂಗಳದಲ್ಲಿ, ಹಗ್ಗದ ಮೇಲೆ,
ಲುಂಗಿಯ ಪಕ್ಕ ಒಣಹಾಕಿದ ಹಸಿರು ಬಾವುಟ.
ನಾನೂ ತಿಂಗಳಿಗೊಮ್ಮೆ ಹೀಗೇ ಒಗೆದು ಹಾಕುತ್ತೇನೆ.
ಕೆಂಪಿಗೆ ಬೇರೆ ಬಕೇಟು, ಅದು ಬಣ್ಣ ಬಿಡುತ್ತದೆ.
ಇನ್ನೊಂದರಲ್ಲಿ ಮೀನಿನ ಆಟೋ, ಸ್ಕೂಟರು,
ತಡೆದರೆ ನಾನೇ ತಪ್ಪು ಮಾಡಿದಂತೆ ಒದರುವ ಹಾರ್ನು.
ನಮ್ಮ ಕಡೆ ಈರುಳ್ಳಿ ಲಾರಿಯವರ ಬಾಯಿಯೂ ಇದೇ.

ಗೇಟಿನವರು ಯಾರೂ ರೈಲಿನ ಮುಖ ನೋಡುವುದಿಲ್ಲ.
ಹೊಟ್ಟೆ ನೋಡುತ್ತಾರೆ:
ಗಾಲಿ ಕಾದಿದೆಯೇ, ಹೊಗೆಯೇ,
ಕಬ್ಬಿಣದ ತುಂಡೇನಾದರೂ ಜೋತಾಡುತ್ತಿದೆಯೇ.

ಕುಮಟಾ ದಾಟಿದ ಮೇಲೆ ಒಬ್ಬ ಹೆಣ್ಣುಮಗಳು,
ಸೀರೆಯ ಮೇಲೆ ಖಾಕಿ ಶರ್ಟು, ತಲೆಗೆ ಕನಕಾಂಬರ.
ನನ್ನ ಕೈ ನನ್ನನ್ನು ಕೇಳಲಿಲ್ಲ,
ತಾನೇ ಎದ್ದು ಆಚೆ ಈಚೆ ಬೀಸಿತು:
ಎಲ್ಲ ಸರಿ, ಆಲ್ ರೈಟ್.
ಗಾರ್ಡು ಕೊಡಬೇಕಾದ ಸನ್ನೆ ಅದು.
ನಡುಬೋಗಿಯಿಂದ ಯಾರಿದು ಅಂತ
ಅವಳು ಗಲಿಬಿಲಿಯಾದಳು.
ಆದರೂ ಅಭ್ಯಾಸ, ಬಾವುಟ ಅಲ್ಲಾಡಿತು.
ಎರಡು ಸೆಕೆಂಡು.
ನಕ್ಕಳೋ ಬೈದಳೋ, ತಿರುವು ಬಂತು.

"ಕಂಡ್ಯಾ ಅತ್ತಿಗೇ?" ಬೋರಮ್ಮ ಕಿಟಕಿಯಿಂದ ಕೂಗಿದಳು,
ಕಣ್ಣ ತುಂಬ ಕಡಲು ತುಂಬಿಕೊಂಡು.
"ಕಂಡೆ" ಅಂದೆ.

ಈಗ ಮತ್ತೆ ನನ್ನ ಗೇಟು, ಅಮೃತಾಪುರದ ಈಚೆ.
ಅವನ ಸೀಟಿ ನನ್ನ ಕೊರಳಲ್ಲಿ.
ಗುಡ್ಡದ ಮೇಲೆ ಗಾಳಿಯಂತ್ರಗಳು
ಮನಸ್ಸು ಬಂದರೆ ತಿರುಗುತ್ತವೆ, ಇಲ್ಲದಿದ್ದರೆ ಇಲ್ಲ.
ದುರ್ಗದ ಪ್ಯಾಸೆಂಜರಿನಲ್ಲಿ
ಸಂತೆಯ ಮುದುಕಿಯರು, ಕಾಲು ಕಟ್ಟಿದ ಕೋಳಿ, ಮಂಡಕ್ಕಿ ಚೀಲ.
ಯಾರೂ ಯಾವ ಕಡೆಗೂ ವಾಲುವುದಿಲ್ಲ.

ಹೋದ ವಾರ ಕಾಲೇಜಿನ ಬಸ್ಸೊಂದು ಗೇಟಿಗೆ ನಿಂತಿತು.
ಸುತ್ತಿಗೆ ಹಿಡಿದ ಮೇಷ್ಟ್ರು ಇಳಿದು ಬಂದು
ಕುಡಿಯಲು ನೀರು ಕೇಳಿದರು.
ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿದಂತಿರುವ
ಕರಿಬಂಡೆ ನೋಡಿ ಬಂದಿದ್ದರಂತೆ.
ಬೆಂಕಿ ನೀರೊಳಗೇ ಉಕ್ಕಿ, ನೀರೊಳಗೇ ಆರಿದ್ದಂತೆ.
ಚೊಂಬು ಎತ್ತಿ ಕುಡಿದು, ಮೀಸೆ ಒರೆಸಿಕೊಂಡು,
"ಇನ್ನೂರೈವತ್ತು ಕೋಟಿ ವರ್ಷದ ಹಿಂದೆ
ಇಲ್ಲೆಲ್ಲ ಸಮುದ್ರ ಇತ್ತಮ್ಮ" ಅಂದರು.

"ಯಾವ ಕಡೆ ಸಾರ್, ಎಡಕ್ಕೋ ಬಲಕ್ಕೋ?"

ಹುಡುಗರು ನಕ್ಕರು.
ಮೇಷ್ಟ್ರು ನಗಲಿಲ್ಲ.
ಹಳಿಯ ಮೇಲೆ ನಿಂತವರಂತೆ
ಆ ಕಡೆ ನೋಡಿದರು, ಈ ಕಡೆ ನೋಡಿದರು,
ಜೋಳದ ಕೂಳೆ, ಜಾಲಿ, ಬಂಡೆ,
ಬಾಯಿ ತೆರೆಯುವಷ್ಟರಲ್ಲಿ
ಅದಿರಿನ ಗೂಡ್ಸು ಬಂತು,
ಉದ್ದದ್ದು, ಐವತ್ತೆಂಟು ವ್ಯಾಗನ್ನು.
ನಾನು ಬಾವುಟ ಬಿಚ್ಚಿ ಗಾಲಿ ನೋಡುತ್ತ ನಿಂತೆ.

ಮೂವತ್ತಾರನೆಯದು ಕಿರುಗುಟ್ಟುತ್ತಿತ್ತು.
ದುರ್ಗಕ್ಕೆ ಫೋನು ಮಾಡಿದೆ.