ಮೊಳೆ ಹೊಡೆಯದೆ

ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟು ಬಂದೆ. ಆಮೇಲೆ ಮೊಣಕಾಲೂರಿ
ಕಿವಿ ಇಟ್ಟೆ ನೆಲಕ್ಕೆ.
ಬೆರಳ ಗೆಣ್ಣಿನಿಂದ ತಟ್ಟಿದರೆ ಗೊತ್ತಾಗುತ್ತದೆ
ಹಲಗೆ ಎಲ್ಲಿ ಕೂತಿದೆ, ಎಲ್ಲಿ ಉಸಿರು ಹಿಡಿದಿದೆ,
ಎಲ್ಲಿ ಒರೆಸುವ ನೀರು ಕುಡಿದು ಅಂಚು ಉಬ್ಬಿದೆ.

'ಸಾಗುವಾನಿ' ಅಂದರು ಯಜಮಾನರು, ಕುರ್ಚಿಯಿಂದಲೇ.
ಸಾಗುವಾನಿಯ ಚಿತ್ರ ಸಾರ್, ಅನ್ನಲಿಲ್ಲ ನಾನು.
ಒಂದೇ ಗಂಟು, ಮೂರು ಹಲಗೆಗೊಮ್ಮೆ,
ಅದೇ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು.
ಯಾವ ಮರಕ್ಕೂ ಅಷ್ಟು ನೆನಪಿರುವುದಿಲ್ಲ.

ಹಾಲಮ್ಮ ಟೀಚರು ಬಲಗೈ ಪಟ್ಟಿಯಲ್ಲಿ ತೂಗಿಕೊಂಡು
ಅಡುಗೆಮನೆ ಬಾಗಿಲಿಗೆ ಒರಗಿದ್ದರು.
ಏನೂ ಹೇಳಲಿಲ್ಲ. ಕೈಯೇ ಹೇಳುತ್ತಿತ್ತು:
ಇಲ್ಲೇ, ಈ ಸೋಫಾದ ಮಗ್ಗುಲಲ್ಲೇ,
ಮಂಡಕ್ಕಿ ತಟ್ಟೆ ಸಮೇತ.
ಸೋಫಾ ಸರಿಸಿದಾಗ ಬಾಷಾನ ಕಾಲಿಗೆ ಸಿಕ್ಕವು
ಮೆತ್ತಗಾದ ನಾಕು ಮಂಡಕ್ಕಿ, ಒಂದು ಹುರಿಗಡಲೆ.

'ಕೀಳೋದು ಬೇಡ' ಅವರು.
'ಇರೋದು ಬೇಡ' ಇವರು.
ಇಬ್ಬರ ನಡುವೆ ಉಳಿದದ್ದು ಹನ್ನೆರಡು ಮಿಲಿಮೀಟರು.
ನನ್ನ ಕಸುಬು ಅಷ್ಟರಲ್ಲೇ.

ಮೊಳೆ ಹೊಡೆಯುವಂತಿಲ್ಲ ಇಂಥ ನೆಲಕ್ಕೆ.
ಅದು ಯಾವುದಕ್ಕೂ ಅಂಟಿಲ್ಲ; ಒಂದರ ತೋಳಿಗೊಂದು ತೋಳು ಕೊಟ್ಟು
ತೇಲುತ್ತಾ ಇರುತ್ತದೆ, ಕೆರೆ ಮೇಲಿನ ಪಾಚಿಯ ಹಾಗೆ.
ದಾವಣಗೆರೆಯ ಏಪ್ರಿಲ್‌ಗೆ ಹಿಗ್ಗುತ್ತದೆ, ಪುಷ್ಯಕ್ಕೆ ಕುಗ್ಗುತ್ತದೆ,
ಗೋಡೆ ಬುಡದ ಬೆರಳ ಸಂದು ಅದಕ್ಕೆಂದೇ ಬಿಟ್ಟದ್ದು.
ಇಲ್ಲಿ ಹಿಡಿದು ಬಡಿದರೆ ಸಿಟ್ಟು ಅಲ್ಲಿ ಉಬ್ಬುತ್ತದೆ.
ಅಂಟು ಸುರಿದರೋ,
ನಾಳೆ ಮನಸ್ಸು ಬದಲಿಸುವವರಿಗೆ ದಾರಿಯೇ ಇಲ್ಲ.
ಅದಕ್ಕೇ ಅಂಚಿಗಷ್ಟೇ ಎರಡು ಮುಖದ ಟೇಪು,
ಅಡಿಗೆ ಮೆತ್ತೆ, ಮೇಲೆ ಬೂದುಗಂದು ಕಾರ್ಪೆಟ್ಟು.

ಹೊಸ್ತಿಲ ಪಟ್ಟಿ ಬಿಚ್ಚಿದಾಗ ಕಂಡಿತು
ಹಲಗೆಯ ಕೆಳಗೆ ಮೊಸಾಯಿಕ್ಕು,
ಮೊಸಾಯಿಕ್ಕು ಬಿರಿದ ಮೂಲೆಯಲ್ಲಿ ಕೆಂಪು ಗಾರೆ.
ಯಾರೂ ಯಾರನ್ನೂ ಕಿತ್ತಿಲ್ಲ ಈ ಮನೆಯಲ್ಲಿ.

ಚಳ್ಳಕೆರೆ ಕಡೆಯ ನಮ್ಮೂರಲ್ಲಿ
ಅವ್ವ ನೂತ ಎಳೆಗೆ ಅಪ್ಪ ಹುಣಸೆಬೀಜದ ಸರಿ ಬಳಿದು
ಗುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ.
ಒಂದೇ ಕಂಬಳಿ, ಮಲಗಿದರೆ ಹಾಸು, ಮಳೆ ಬಂದರೆ ಕೊಪ್ಪೆ,
ಭಂಡಾರ ಚೆಲ್ಲಿದರೆ ದೇವರ ಗದ್ದುಗೆ.
ಗೋಡೆಯ ಅಳತೆಗೆ ಅದನ್ನು ಯಾರೂ ಕತ್ತರಿಸಲಿಲ್ಲ.
ನನ್ನ ಕೆಲಸ ಕೇಳಿ ಅವ್ವ ಅಂದಿದ್ದಳು:
'ಮಡಚಾಕೆ ಬರಲ್ಲ, ಕೊಡವಾಕೆ ಬರಲ್ಲ,
ಅದೆಂಥ ಹಾಸೋ ಮೈಲಾರಿ?'
ಉತ್ತರ ಇನ್ನೂ ಸಿಕ್ಕಿಲ್ಲ. ಸಂಬಳ ಸಿಗುತ್ತದೆ.

ನಾಕು ಗಂಟೆಗೆ ಎಲ್ಲ ಮುಗಿಯಿತು ಅಂದುಕೊಂಡರೆ
ಕೋಣೆಯ ಬಾಗಿಲು ಕಾರ್ಪೆಟ್ಟಿಗೆ ತಗುಲಿ
ಅರ್ಧಕ್ಕೇ ನಿಂತಿತು, ಮುನಿದ ಎಮ್ಮೆಯ ಹಾಗೆ.
ತಿರುಪು ಬಿಚ್ಚಿ, ಮಲಗಿಸಿ, ಬುಡಕ್ಕೆ ಉಜ್ಜುಗೊರಡು ಇಟ್ಟೆ.
ಒಂದೆಳೆತ, ಎರಡೆಳೆತ,
ಐವತ್ತು ವರ್ಷದ ಬಣ್ಣ ಕಳಚಿ
ಸುರುಳಿ ಸುರುಳಿಯಾಗಿ ಬಿತ್ತು ಹೆರೆ, ಜೇನುಬಣ್ಣದ್ದು.
ಎಣ್ಣೆಯ ಆ ಘಾಟು ವಾಸನೆ ಕೋಣೆ ತುಂಬಿತು.
ನಿಜವಾದ ಸಾಗುವಾನಿ.
ಈ ಮನೆಯಲ್ಲಿ ಅದು ಇದ್ದದ್ದು ಬಾಗಿಲಲ್ಲಿ.

ಯಜಮಾನರು ಎದ್ದು ಬಂದರು. ಬೆಳಗಿನಿಂದ ಮೊದಲ ಸಲ.
ಒಂದು ಸುರುಳಿ ಎತ್ತಿ ಮೂಸಿ, ನನ್ನ ಮುಖ ನೋಡದೆ
ಅಂಗಿಯ ಜೇಬಿಗೆ ಹಾಕಿಕೊಂಡರು.
ಕನ್ನಡಕದ ಪಕ್ಕ, ಪೆನ್ನಿನ ಪಕ್ಕ.

ಟೀಚರು ಬರಿಗಾಲಲ್ಲಿ ಇಳಿದರು ಹೊಸ ನೆಲಕ್ಕೆ,
ತುಂಗಭದ್ರೆಗೆ ಇಳಿದಂತೆ, ಆಳ ನೋಡುತ್ತಾ.
ಕಿಟಕಿವರೆಗೆ ಹೋದರು, ತಿರುಗಿದರು,
ಗಂಡನ ಬೆನ್ನ ಹಿಂದೆ ಬಂದು ನಿಂತರು.
'ಸದ್ದೇ ಇಲ್ಲವಲ್ಲ' ಅಂದರು ಅವರು, ಗಾಬರಿಯಾಗಿ.
'ಬಂದದ್ದು ಗೊತ್ತಾಗಬೇಕಂದ್ರೆ
ಇನ್ನು ತಿರುಗಿ ನೋಡ್ರಿ.'

ನೋಡಿದರೋ ಇಲ್ಲವೋ.
ನಾವು ಉಳಿಕೆ ತುಂಡು ಹೆಗಲಿಗೇರಿಸಿ ಇಳಿಯುತ್ತಿದ್ದೆವು;
ಕಡಪ ಕಲ್ಲಿನ ಮೆಟ್ಟಿಲಲ್ಲಿ
ನನ್ನ ಚಪ್ಪಲಿ ನನಗೇ ಜೋರು ಕೇಳಿಸಿತು.